ಅಡಿಗಲ್ಲು ಯಾರದು, ಹಕ್ಕು ಯಾರದು?

1934ರಲ್ಲಿ ಗಾಂಧೀಜಿ ದಾವಣಗೆರೆಗೆ ಬಂದು ಹರಿಜನ ವಿದ್ಯಾರ್ಥಿನಿಲಯಕ್ಕೆ ಅಡಿಗಲ್ಲು ಇಟ್ಟರು. ಆಗ ದಾವಣಗೆರೆ, ಜಗಳೂರು ಚಿತ್ರದುರ್ಗ ಜಿಲ್ಲೆಯವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದವು. ನ್ಯಾಮತಿ ಹೊನ್ನಾಳಿ ತಾಲೂಕಿನೊಳಗಿನ ಊರು. ಎಲ್ಲವೂ ಮೈಸೂರು ಮಹಾರಾಜರ ಸೀಮೆ. ಅಕ್ಟೋಬರ್ 2ರಂದು ಈ ಅಡಿಗಲ್ಲಿನ ಕಥೆ ಹೇಳಿ ಕೈಮುಗಿಯುತ್ತೇವೆ. ಕೈಮುಗಿದರೆ ಚರಿತ್ರೆ ಮುಗಿಯೋದಿಲ್ಲ ಗೆಳೆಯರೇ. ಆ ಕಲ್ಲು ಯಾಕೆ ಬಂತು ಅಂತ ಕೇಳಬೇಕು.

ಎರಡು ವರ್ಷ ಹಿಂದಕ್ಕೆ ಹೋಗೋಣ. 1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿತು. ಅಂಬೇಡ್ಕರ್ ಲಂಡನ್ನಿನ ದುಂಡುಮೇಜಿನಲ್ಲಿ ಹೋರಾಡಿ ಪಡೆದದ್ದು ಅದು. ಗಾಂಧಿ ಅದರ ವಿರುದ್ಧ ಸೆಪ್ಟೆಂಬರ್ 20ರಂದು ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಅವರ ಪ್ರಾಣ ಹೋದರೆ ಏಟು ಬೀಳೋದು ದೇಶದ ಕೇರಿಕೇರಿಗಳ ಮೇಲೆ. ಇಂಥ ಹೊತ್ತಿನಲ್ಲಿ, 24ರಂದು, ಪೂನಾ ಒಪ್ಪಂದ ಆಯಿತು. ಮೀಸಲು ಸ್ಥಾನ 71ರಿಂದ 148ಕ್ಕೆ ಏರಿತು. ಆದರೆ ನಮ್ಮ ಪ್ರತಿನಿಧಿಯನ್ನು ಕೊನೆಗೆ ಗೆಲ್ಲಿಸೋ ಓಟು ಮೇಲ್ಜಾತಿಯವರ ಕೈಗೇ ಹೋಯಿತು. ಅಹಿಂಸೆಗೂ ತೂಕ ಇದೆ. ಆ ತೂಕ ಯಾರ ಬೆನ್ನ ಮೇಲೆ ಬಿತ್ತು ಅನ್ನೋದೇ ಪ್ರಶ್ನೆ.

ಆಮೇಲೆ ಗಾಂಧಿ ಸುಮ್ಮನೆ ಕೂರಲಿಲ್ಲ, ಇದನ್ನೂ ಹೇಳಬೇಕು. 1933ರ ನವೆಂಬರ್‌ನಿಂದ ಸುಮಾರು ಒಂಬತ್ತು ತಿಂಗಳು ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತಿದರು. ದಾವಣಗೆರೆಯ ಅಡಿಗಲ್ಲು ಆ ಯಾತ್ರೆಯದೇ. ಸನಾತನಿಗಳು ಕಪ್ಪು ಬಾವುಟ ಹಿಡಿದರು. 1934ರ ಜೂನ್ 25ರಂದು ಪುಣೆಯಲ್ಲಿ ಅವರದೆಂದು ತಿಳಿದ ಕಾರಿಗೆ ಬಾಂಬ್ ಬಿತ್ತು. ಒಂದು ಕಾಲಕ್ಕೆ ವರ್ಣವ್ಯವಸ್ಥೆಯನ್ನು ಸಮರ್ಥಿಸಿದ್ದ ಆ ಮನುಷ್ಯ, ಕೊನೆಗಾಲದಲ್ಲಿ, ವಧೂವರರಲ್ಲಿ ಒಬ್ಬರು ದಲಿತರಾಗಿರದ ಮದುವೆಯನ್ನು ಹರಸೋದಿಲ್ಲ ಅನ್ನೋವರೆಗೆ ಬಂದರು. ಬದಲಾಗುವ ಗುಣ ಅವರಲ್ಲಿತ್ತು. ಆದರೆ ಅವರು ಬೇಡಿದ್ದು ಮೇಲ್ಜಾತಿಯವರ ಪಶ್ಚಾತ್ತಾಪ. ಅವರ ಮನಸ್ಸು ಕರಗೋವರೆಗೆ ನಾವು ಕಾಯಬೇಕು.

ಅಂಬೇಡ್ಕರ್ ಕಾಯಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಜನರನ್ನು ಕರಕೊಂಡು ಹೋಗಿ ನೀರು ಕುಡಿದರು. ಸವರ್ಣೀಯರು ದೊಣ್ಣೆ ಹಿಡಿದು ಬಂದು ಹೊಡೆದರು. ಪೆಟ್ಟು ತಿಂದವರಿಗೆ ಅಂಬೇಡ್ಕರ್ ಹೇಳಿದ್ದು ಸಂಯಮವನ್ನೇ. 1930ರಲ್ಲಿ ದಂಡಿಯಾತ್ರೆ ಹೊರಡೋ ಹತ್ತು ದಿನ ಮೊದಲೇ, ಮಾರ್ಚ್ 2ರಂದು, ನಾಸಿಕದ ಕಾಳಾರಾಮ ದೇವಾಲಯದ ಮುಂದೆ ದಲಿತರ ಸತ್ಯಾಗ್ರಹ ಶುರುವಾಗಿತ್ತು. ಉಪ್ಪಿನ ಸತ್ಯಾಗ್ರಹ ಮಕ್ಕಳ ಬಾಯಲ್ಲಿದೆ. ನೀರಿನ ಸತ್ಯಾಗ್ರಹ ಎಷ್ಟು ಮಕ್ಕಳಿಗೆ ಗೊತ್ತು?

ಹೊನ್ನಾಳಿಗೆ ತುಂಗಭದ್ರೆ ಇದೆ, ಚನ್ನಗಿರಿಗೆ ಸೂಳೆಕೆರೆ ಇದೆ, ಜಗಳೂರಿಗೆ ಬರ ಇದೆ. ಹೊಳೆಯಿದ್ದ ಊರಿಗೂ ಬರದ ಊರಿಗೂ ಮೇಲುಕೇರಿಯ ಬಾವಿ ಒಂದು, ಕೆಳಗೇರಿಯ ಬಾಯಾರಿಕೆ ಇನ್ನೊಂದು.

ಗಾಂಧಿ ಬಂದುಹೋದ ನಾಲ್ಕು ವರ್ಷಕ್ಕೆ, 1938ರಲ್ಲಿ, ಪಕ್ಕದ ಹರಿಹರದ ದಲಿತ ಕುಟುಂಬದಲ್ಲಿ ಬಿ. ಕೃಷ್ಣಪ್ಪ ಹುಟ್ಟಿದರು. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟರಾಗಿದ್ದುಕೊಂಡೇ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹಾಸ್ಟೆಲಿನ ಹುಡುಗರು ಅದರ ಬೆನ್ನಿಗೆ ನಿಂತರು. ಕೈಯಲ್ಲಿ ಕತ್ತಿ ಇರಲಿಲ್ಲ. ಹಾಡು, ಕರಪತ್ರ, ಜಾಥಾ, ಧರಣಿ ಇದ್ದವು. ಭೂಮಿ ಕೇಳಿದರು, ಮಾನ ಕೇಳಿದರು. ಯಾರ ಪಶ್ಚಾತ್ತಾಪವನ್ನೂ ಕೇಳಲಿಲ್ಲ.

ಅನ್ನ, ಅಕ್ಷರ ಕೊಟ್ಟ ಹಾಸ್ಟೆಲಿನ ಋಣ ಸಣ್ಣದಲ್ಲ. ಅದಕ್ಕಾಗಿ ಗಾಂಧಿಯನ್ನು ನೆನೆಯೋಣ. ಆದರೆ ಹಳ್ಳಿಯ ಮೇಷ್ಟರೇ, ಅಕ್ಟೋಬರ್ 2ರಂದು ದಂಡಿಯ ಜೊತೆಗೆ ಮಹಾಡವನ್ನೂ ಹೇಳಿ. ಅಹಿಂಸೆ ಉಳ್ಳವರು ಇಳಿಸಿಕೊಟ್ಟ ದಯೆಯಲ್ಲ. ಪೆಟ್ಟು ತಿಂದರೂ ಕೆರೆ ಬಿಟ್ಟು ಕದಲದವರ ಹಕ್ಕಿನ ದಾರಿ ಅಂತ ಮಕ್ಕಳಿಗೆ ತಿಳಿಯಲಿ.