ಗುರುವಿಗೆ ತಡವಾಗಿ ತಲುಪಿದ ಕಾಣಿಕೆ

ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ನಮಸ್ಕರಿಸಿದಾಗಲೆಲ್ಲ ನನಗೆ ಟಿ.ಎಸ್. ವೆಂಕಣ್ಣಯ್ಯನವರ ನೆನಪಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ತಳುಕಿನಲ್ಲಿ 1885ರಲ್ಲಿ ಜನಿಸಿದ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರನ್ನೂ ಎ.ಆರ್. ಕೃಷ್ಣಶಾಸ್ತ್ರಿಗಳನ್ನೂ ಕನ್ನಡದ ಅಶ್ವಿನೀದೇವತೆಗಳೆಂದು ಜನ ಕರೆದರು. ವೆಂಕಣ್ಣಯ್ಯನವರು ಸ್ವತಃ ಬರೆದದ್ದು ಸ್ವಲ್ಪ. ಶಿಷ್ಯರಿಂದ ಬರೆಯಿಸಿದ್ದು ಬಹಳ.

ಆ ಶಿಷ್ಯರಲ್ಲೊಬ್ಬರು ಕುವೆಂಪು. ಅವರು ‘ಶ್ರೀ ರಾಮಾಯಣ ದರ್ಶನಂ’ ರಚನೆಗೆ ತೊಡಗಿದ್ದು 1936ರಲ್ಲಿ. ಕಾವ್ಯ ಮುಗಿಯುವ ಮೊದಲೇ, 1939ರಲ್ಲಿ, ಗುರುಗಳು ತೀರಿಕೊಂಡರು. 1949ರಲ್ಲಿ ಅದು ಅಚ್ಚಾದಾಗ ಕುವೆಂಪು ಹತ್ತು ವರ್ಷಗಳ ಹಿಂದೆ ಅಗಲಿದ್ದ ಆ ಗುರುವಿಗೇ ಅದನ್ನು ಅರ್ಪಿಸಿದರು; ಒಪ್ಪಿಸಿದ ಕೆಲಸವನ್ನು ಮುಗಿಸಿ ತಂದ ವಿದ್ಯಾರ್ಥಿಯಂತೆ, ಎದುರಿಗೆ ನಿಂತೇ ಮಾತನಾಡುವಂತೆ, ಅರ್ಪಣೆಯನ್ನು ಪದ್ಯದಲ್ಲಿ ಬರೆದರು. 1955ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನಾಗಲಿ, 1967ರ ಜ್ಞಾನಪೀಠವನ್ನಾಗಲಿ ಕಾಣಲು ಗುರುಗಳಿರಲಿಲ್ಲ.

ನನಗೆ ಕನ್ನಡದ ರುಚಿ ಹತ್ತಿಸಿದ ಮೇಷ್ಟರೊಬ್ಬರಿದ್ದರು. ಮುಂದಿನ ರಜೆಯಲ್ಲಿ ಹೋಗಿ ಕಾಣೋಣವೆಂದು ವರ್ಷಗಳನ್ನು ಕಳೆದೆ, ಹೋಗುವಷ್ಟರಲ್ಲಿ ಅವರಿರಲಿಲ್ಲ. ಅರ್ಪಿಸಲು ನನ್ನಲ್ಲಿ ಮಹಾಕಾವ್ಯವಿಲ್ಲ. ಮಕ್ಕಳೇ, ನಿಮ್ಮ ಮೇಷ್ಟರು ಇರುವಾಗಲೇ ಒಮ್ಮೆ ಹೋಗಿ ಬನ್ನಿ.