ಮಕ್ಕಳು ಮನೆಮನೆಗೆ ಹೋಗುತ್ತಿದ್ದ ನವರಾತ್ರಿ

ದಸರೆಯ ಚರಿತ್ರೆ ಎಂದರೆ ನಮಗೆ ಸಿಗುವುದು ಅರಸರ ಚರಿತ್ರೆ. ವಿಜಯನಗರದ ಮಹಾನವಮಿ ದಿಬ್ಬ, ಅಲ್ಲಿನ ವೈಭವ ಕಂಡು ಬರೆದಿಟ್ಟ ಅಬ್ದುಲ್ ರಜಾಕ್ ಮತ್ತು ಡೊಮಿಂಗೊ ಪಾಯಸ್, 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಆರಂಭಿಸಿದ ಉತ್ಸವ, ಆನೆ, ಅಂಬಾರಿ. ಅದೇ ಹತ್ತು ದಿನಗಳಲ್ಲಿ ಸಾಮಾನ್ಯ ಊರಿನ ಏಳೆಂಟು ವರ್ಷದ ಮಗು ಏನು ಮಾಡುತ್ತಿತ್ತು ಎಂದು ಕೇಳಿದರೆ ಈ ಪುಸ್ತಕಗಳು ಸುಮ್ಮನಾಗುತ್ತವೆ.

ಇದನ್ನು ಕೇಳಲು ಕಾರಣವಿದೆ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಹೈದರಾಬಾದಿನಲ್ಲಿ ಬತುಕಮ್ಮ ಮತ್ತು ದಸರೆಗೆ ಉದ್ದನೆಯ ರಜೆ. ಚೆನ್ನೈಯಲ್ಲಿ ಕಾಲುವಾರ್ಷಿಕ ಪರೀಕ್ಷೆಯ ನಂತರದ ರಜೆ, ಆಮೇಲೆ ಆಯುಧಪೂಜೆ. ದೆಹಲಿಯಲ್ಲಿ ದಸರೆಯ ಸುತ್ತಮುತ್ತ ಕೆಲವು ದಿನ. ಮುಂಬಯಿ, ಪುಣೆಗಳಲ್ಲಿ ದೊಡ್ಡ ರಜೆ ದೀಪಾವಳಿಗೆ. ಎಲ್ಲೇ ಇರಲಿ, ಶಾಲೆ ಮುಚ್ಚಿರುತ್ತದೆ, ಆಫೀಸು ತೆರೆದಿರುತ್ತದೆ. ಊರಿನಿಂದ ಅಜ್ಜಿ ಬರುತ್ತಾರೆಯೇ, ಯಾರು ಯಾವ ವಾರ ರಜೆ ಹಾಕುವುದು, ಯಾವ ಶಿಬಿರಕ್ಕೆ ಸೇರಿಸುವುದು? ರಜೆಯಲ್ಲಿ ಮಗುವನ್ನು ಹೇಗೆ ಸುಧಾರಿಸುವುದು ಎಂಬುದು ಅಪ್ಪ ಅಮ್ಮಂದಿರಿಬ್ಬರ ಖಾಸಗಿ ತಲೆಬಿಸಿಯಾಗಿದೆ.

ಇದು ಎಂದಿನಿಂದಲೂ ಹೀಗೇ ಇರಲಿಲ್ಲ. ನಮ್ಮ ಹಳೆಯ ಊರುಗಳಲ್ಲಿ, ಕಡೇ ಪಕ್ಷ ಅಕ್ಷರ ಕಲಿಯುವ ಹುಡುಗರ ಪಾಲಿಗೆ, ನವರಾತ್ರಿ ಮನೆಯಲ್ಲಿ ಕೂರುವ ಕಾಲವಾಗಿರಲಿಲ್ಲ. ಮೇಷ್ಟ್ರ ಜೊತೆ ಬೀದಿಗೆ ಇಳಿಯುವ ಕಾಲವಾಗಿತ್ತು. ಅದರ ಹಿಂದೆ ಇದ್ದದ್ದು ಬರೀ ಸಂಭ್ರಮವಲ್ಲ, ಒಬ್ಬ ಮನುಷ್ಯನ ಹೊಟ್ಟೆಪಾಡು.

ಮೊದಲು ಆ ಶಾಲೆ ಹೇಗಿತ್ತು ನೋಡೋಣ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ ತನ್ನ ಪ್ರಾಂತ್ಯದ ಪ್ರತಿ ಜಿಲ್ಲೆಯ ಕಲೆಕ್ಟರನಿಗೂ ಒಂದು ಆದೇಶ ಕಳಿಸಿದ: ನಿಮ್ಮಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಪಟ್ಟಿ ಮಾಡಿ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ತೆಲುಗು ವ್ಯಾಕರಣ ಬರೆದು ಹೆಸರಾದವನೂ ಇವನೇ. ಇಂದಿನ ಅನಂತಪುರದ ಸೀಮೆಯೂ ಸೇರಿದ್ದ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು. ಇಂಗ್ಲಿಷಿನದು ಒಂದೇ ಒಂದು. 6,641 ಮಕ್ಕಳಲ್ಲಿ ಹುಡುಗಿಯರು 60.

ಆ ವರದಿಯಲ್ಲಿ ಅಂಕಿಗಳಿಗಿಂತ ಮನಸ್ಸಿಗೆ ಹತ್ತಿರವಾಗುವ ಒಂದು ವಿವರವಿದೆ. ಮಗುವಿಗೆ ಐದು ತುಂಬಿದಾಗ ತಂದೆ ತಾಯಿ ಮೇಷ್ಟ್ರನ್ನೂ ಶಾಲೆಯ ಮಕ್ಕಳನ್ನೂ ತಮ್ಮ ಮನೆಗೇ ಕರೆಯುತ್ತಿದ್ದರು. ಗಣಪತಿಯ ಸುತ್ತ ಮಕ್ಕಳೆಲ್ಲ ದುಂಡಗೆ ಕೂರುತ್ತಿದ್ದರು, ಹೊಸ ಮಗು ಗಣಪತಿಯ ಎದುರಿಗೆ. ಮೇಷ್ಟ್ರು ಪಕ್ಕದಲ್ಲಿ ಕೂತು ಅದರ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಿದ್ದರು. ಮನೆಯವರು ಶಕ್ತ್ಯಾನುಸಾರ ಕಾಣಿಕೆ ಕೊಡುತ್ತಿದ್ದರು. ಮಾರನೆಯ ಬೆಳಿಗ್ಗೆ ಮಗು ಶಾಲೆಗೆ ಹೊರಡುತ್ತಿತ್ತು. ಮಗು ಶಾಲೆಗೆ ಹೋಗುವ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು ಎನ್ನುವುದನ್ನು ಗಮನಿಸಿ.

ಎಲ್ಲವೂ ಇಷ್ಟು ಮೃದುವಾಗಿರಲಿಲ್ಲ. ಶಾಲೆ ಬೆಳಗಿನ ಆರಕ್ಕೇ ಆರಂಭ. ಮೊದಲು ಬಂದವನ ಅಂಗೈ ಮೇಲೆ ಗೌರವಕ್ಕಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದೇಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಏರುತ್ತ ಹೋಗುತ್ತಿತ್ತು.

ಈ ಶಾಲೆಗಳನ್ನು ಬಯಲುಸೀಮೆಯಲ್ಲಿ ಕೂಲಿಮಠ ಎನ್ನುತ್ತಿದ್ದರು, ಕರಾವಳಿಯ ಕಡೆ ಐಗಳ ಮಠ. ಕಲಿಸುವವರು ಐಗಳು. ಅವರಿಗೆ ಸರ್ಕಾರದ ಸಂಬಳವಿಲ್ಲ. ತನ್ನ ಜಿಲ್ಲೆಯ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ ಎಂದು ಕ್ಯಾಂಬೆಲ್ಲನೇ ಬರೆದಿದ್ದಾನೆ. ವಿಲಾಯತಿ ಬಟ್ಟೆ ಬಂದು ನೇಯುವವರ ಗಳಿಕೆ ಕುಸಿದಿತ್ತು. ಮಕ್ಕಳ ಓದಿನ ಖರ್ಚು ಹೊರಲಾರದ ಮನೆಗಳು ಹೆಚ್ಚುತ್ತಿದ್ದವು, ಮೊದಲು ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎಂದೂ ಅವನು ಹೇಳುತ್ತಾನೆ. 1826ರಲ್ಲಿ ಎಲ್ಲ ವರದಿಗಳನ್ನೂ ಒಟ್ಟಿಗೆ ಇಟ್ಟು ಬರೆದ ಟಿಪ್ಪಣಿಯಲ್ಲಿ ಮನ್ರೊ, ಸಾಮಾನ್ಯವಾಗಿ ಮೇಷ್ಟ್ರ ಗಳಿಕೆ ತಿಂಗಳಿಗೆ ಆರೇಳು ರೂಪಾಯಿ ದಾಟುವುದಿಲ್ಲ, ಇಷ್ಟಕ್ಕೆ ಯೋಗ್ಯರು ಈ ಕೆಲಸಕ್ಕೆ ಬರುವುದಾದರೂ ಹೇಗೆ ಎಂದ.

ನವರಾತ್ರಿಗೆ ಅರ್ಥ ಬರುವುದು ಇಲ್ಲಿ. ತಿಂಗಳ ಕೂಲಿ ಕೆಲವರು ಕೊಟ್ಟರು, ಕೆಲವರು ಬಾಕಿ ಇಟ್ಟರು. ವರ್ಷಕ್ಕೊಮ್ಮೆಯಾದರೂ ಊರಿಗೆ ಊರೇ ಮೇಷ್ಟ್ರನ್ನು ನೆನೆಯುವ ಒಂದು ಸಂದರ್ಭ ಬೇಕಿತ್ತು. ಮಳೆ ಹಿಂದೆ ಸರಿದಿರುತ್ತದೆ, ದಾರಿಗಳು ಒಣಗಿರುತ್ತವೆ. ಕರಾವಳಿಯಲ್ಲಾದರೆ ಮಳೆಗಾಲದ ಭತ್ತ ಕೈಗೆ ಬರುವ, ಮನೆಗೆ ತೆನೆ ಕಟ್ಟುವ ದಿನಗಳು. ಇನ್ನೊಂದು ಅನುಕೂಲವೂ ಇತ್ತು. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟ ಮೇಲೆ ವಿಜಯದಶಮಿಯವರೆಗೆ ಓದುವಂತಿಲ್ಲ. ಮಕ್ಕಳಿಗೆ ಇಂದಿಗೂ ತುಂಬ ಇಷ್ಟವಾದ ಶಾಸ್ತ್ರ ಇದೊಂದೇ ಇರಬೇಕು. ಓದು ನಿಂತಿದೆ, ಕಲಿತದ್ದು ಬಾಯಲ್ಲಿದೆ, ಕೊಡುವವರ ಮನೆಯಲ್ಲಿ ಕಾಳಿದೆ. ಐಗಳು ಮಕ್ಕಳನ್ನು ಕರೆದುಕೊಂಡು ಹೊರಟರು.

ಬಯಲುಸೀಮೆಯಲ್ಲಿ ಹುಡುಗರು ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಬಣ್ಣದ ಕೋಲು ಹಿಡಿದು, ಮಹಾನವಮಿಯ ಚೌಪದಗಳನ್ನು ಹಾಡುತ್ತ ಮನೆಯಿಂದ ಮನೆಗೆ ಹೋಗುತ್ತಿದ್ದರು. ಕುಂದಾಪುರ, ಉಡುಪಿಯ ಕಡೆ ಇದು ಇನ್ನೂ ಚೆಂದದ ರೂಪ ಪಡೆಯಿತು. ಅದಕ್ಕೆ ಹೂವಿನಕೋಲು ಎಂದು ಹೆಸರು. ಭಾಗವತರು ಮತ್ತು ಮದ್ದಳೆಯವರ ಜೊತೆ ಹುಡುಗರು ಮನೆಗೆ ಬರುತ್ತಾರೆ. ಹೂವಿನಿಂದ ಸಿಂಗರಿಸಿದ ಕೋಲನ್ನಿಟ್ಟುಕೊಂಡು ಎದುರುಬದುರು ಕೂರುತ್ತಾರೆ. ಮೊದಲು ಮನೆಗೆ ಒಳಿತಾಗಲಿ ಎಂಬ ಹಾರೈಕೆ, ಆಮೇಲೆ ಯಕ್ಷಗಾನದ ಯಾವುದಾದರೂ ಪ್ರಸಂಗದ ಒಂದು ತುಣುಕು. ವೇಷವಿಲ್ಲ, ಕುಣಿತವಿಲ್ಲ, ಮಾತು ಮತ್ತು ಹಾಡು ಮಾತ್ರ. ಮನೆಯೊಡತಿ ಅಕ್ಕಿ, ತೆಂಗಿನಕಾಯಿ, ವೀಳ್ಯ, ಅಡಿಕೆ, ಕಾಸು ಕೊಟ್ಟು ಕಳಿಸುತ್ತಾರೆ. ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಡುವುದು ದೀಪಾವಳಿಯ ನಂತರವೇ. ಅದಕ್ಕೆ ಮುಂಚಿನ ಮಳೆಗಾಲ ಕಲಾವಿದನಿಗೂ ಕೈ ಬರಿದಾದ ಕಾಲ. ಮೇಷ್ಟ್ರು, ಕಲಾವಿದ ಇಬ್ಬರಿಗೂ ಈ ಒಂಬತ್ತು ದಿನ ಆಸರೆಯಾಯಿತು. ಹುಡುಗರಿಗೆ ಹತ್ತಾರು ಜಗಲಿಗಳ ಮುಂದೆ ಅಳುಕದೆ ಮಾತಾಡುವುದು ಬಂತು.

ಮನ್ರೊ ತರಿಸಿಕೊಂಡ ಲೆಕ್ಕದಲ್ಲಿ ಈ ಕರಾವಳಿಯ ಮಕ್ಕಳೇ ಇಲ್ಲ. ಕೆನರಾ ಜಿಲ್ಲೆಯ ಕಲೆಕ್ಟರ್ ಪಟ್ಟಿ ಕಳಿಸಲಿಲ್ಲ. ಅಲ್ಲಿ ಕಲಿಕೆ ಖಾಸಗಿಯಾಗಿ ನಡೆಯುತ್ತದೆ, ಪಟ್ಟಿ ಮಾಡಿ ಪ್ರಯೋಜನವಿಲ್ಲ ಎಂಬುದು ಅವನ ನಿಲುವು. ಕಾಗದದ ಮೇಲೆ ಖಾಸಗಿ ಎನಿಸಿದ್ದು ನವರಾತ್ರಿಯಲ್ಲಿ ಊರಿನ ಪ್ರತಿ ಅಂಗಳದಲ್ಲೂ ಕೇಳಿಸುತ್ತಿತ್ತು.

ಇದು ಕನ್ನಡಿಗರದು ಮಾತ್ರವಲ್ಲ. ನೀವು ಈಗಿರುವ ಊರಿನ ಹಿರಿಯರನ್ನು ಮಾತಾಡಿಸಿದರೆ ಇದರ ಅಣ್ಣತಮ್ಮಂದಿರು ಸಿಕ್ಕಾರು. ತೆಲುಗು ನಾಡಿನಲ್ಲಿ ಹುಡುಗರು ಪುಟ್ಟ ಬಿಲ್ಲು, ಹೂವು ಹಿಡಿದು ಮೇಷ್ಟ್ರ ಜೊತೆ ಮನೆಮನೆಗೆ ಹೋಗಿ ಹಾಡುತ್ತಿದ್ದರು. ಮೇಷ್ಟ್ರಿಗೆ ದಕ್ಷಿಣೆ, ಮಕ್ಕಳಿಗೆ ಹುರಿಗಡಲೆ ಬೆಲ್ಲ. ತಮಿಳರ ತಿಣ್ಣೈ ಶಾಲೆಗಳ ಹುಡುಗರು ಕೋಲಾಟವಾಡಿ ಮೇಷ್ಟ್ರಿಗೆ ಹಣ ಕೂಡಿಸುತ್ತಿದ್ದರು. ಮಹಾರಾಷ್ಟ್ರದಲ್ಲಿ ಆಶ್ವೀಜದ ಸಂಜೆ ಹುಡುಗಿಯರು ಆನೆಯ ಚಿತ್ರವನ್ನು ನಡುವೆ ಇಟ್ಟು ಭೊಂಡ್ಲಾ ಹಾಡುತ್ತ ಸುತ್ತುತ್ತಾರೆ. ಕೊನೆಗೆ ಮುಚ್ಚಿದ ಡಬ್ಬಿಯ ತಿಂಡಿ ಏನೆಂದು ಊಹಿಸಿದ ಮೇಲೆಯೇ ಅದು ಕೈಗೆ. ದೆಹಲಿ, ಬ್ರಜದ ಕಡೆ ಹುಡುಗರು ಟೇಸು ಎಂಬ ಬೊಂಬೆ ಹಿಡಿದು, ಹುಡುಗಿಯರು ದೀಪವಿಟ್ಟ ಝಾಂಝಿ ಹಿಡಿದು ಮನೆಬಾಗಿಲಿಗೆ ಬಂದು ಕಾಳು, ಕಾಸು ಕೇಳುತ್ತಿದ್ದರು. ಉದ್ದೇಶ ಒಂದೊಂದು ಕಡೆ ಒಂದೊಂದು. ಆದರೆ ಶರದೃತುವಿನ ಸಂಜೆಗಳಲ್ಲಿ ಮಕ್ಕಳು ಗುಂಪಾಗಿ ನೆರೆಹೊರೆಯ ಮುಂದೆ ಬರುವುದು, ದೊಡ್ಡವರು ಕೆಲಸ ಬಿಟ್ಟು ಕೇಳುವುದು, ಏನಾದರೂ ಕೊಡುವುದು ಎಲ್ಲ ಕಡೆಯೂ ಇತ್ತು.

ಹಾಗಾದರೆ ಮೇಷ್ಟ್ರ ಈ ಮೆರವಣಿಗೆ ನಿಂತದ್ದು ಹೇಗೆ? ಮೇಷ್ಟ್ರಿಗೆ ಸಂಬಳ ಬಂದದ್ದರಿಂದ. 1826ರಲ್ಲಿ ಮನ್ರೊ ತಹಸೀಲು ಶಾಲೆಯ ಮೇಷ್ಟ್ರಿಗೆ 9 ರೂಪಾಯಿ, ಜಿಲ್ಲಾ ಶಾಲೆಯವರಿಗೆ 15 ರೂಪಾಯಿ ಮಾಸಿಕ ವೇತನ ಸೂಚಿಸಿದ. 1854ರ ವುಡ್ ನಿರೂಪದ ನಂತರ ಶಾಲೆಗೆ ಅನುದಾನ ಕೊಡುವ ಪದ್ಧತಿ ಹಬ್ಬಿತು. ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಶಾಲೆಗೆ ಹಾಜರಿ ಪುಸ್ತಕ, ಇನ್‌ಸ್ಪೆಕ್ಟರು, ಗಂಟೆ, ಗೊತ್ತಾದ ರಜೆ ಬಂದವು. ತಿಂಗಳ ಸಂಬಳ ಇರುವ ಮೇಷ್ಟ್ರು ಮಕ್ಕಳನ್ನು ಮುಂದಿಟ್ಟುಕೊಂಡು ಅಕ್ಕಿ ಕೇಳುವುದು ಇನ್ನು ಮುಜುಗರದ ವಿಷಯ. ನಿನ್ನೆಯವರೆಗೆ ಗೌರವವಾಗಿದ್ದದ್ದು ಭಿಕ್ಷೆಯಂತೆ ಕಾಣತೊಡಗಿತು.

ಇದನ್ನು ನಷ್ಟ ಎಂದಷ್ಟೇ ಹೇಳಿದರೆ ಸುಳ್ಳಾಗುತ್ತದೆ. ಊರಿನ ದಾಕ್ಷಿಣ್ಯದ ಮೇಲೆ ಬದುಕುವ ಮೇಷ್ಟ್ರು ಊರಿನ ದೊಡ್ಡವರಿಗೆ ಬೇಡವಾದ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವುದು ಕಷ್ಟ. 6,641ರಲ್ಲಿ 60 ಎಂಬ ಅಂಕಿಯನ್ನು ಮರೆಯಬಾರದು. ಹೂವಿನಕೋಲು ಹಿಡಿದವರು ಹುಡುಗರು. ಯಾವ ಜಗಲಿಗೆ ಯಾರ ಮಕ್ಕಳು ಏರಬಹುದು ಎಂಬುದೂ ಮೊದಲೇ ತೀರ್ಮಾನವಾಗಿರುತ್ತಿತ್ತು. ಸರ್ಕಾರದ ಸಂಬಳ ಮೇಷ್ಟ್ರ ಬೆನ್ನು ನೆಟ್ಟಗೆ ಮಾಡಿತು. ಶಾಲೆಯ ಬಾಗಿಲು, ನಿಧಾನವಾಗಿಯಾದರೂ, ಎಲ್ಲರಿಗೂ ತೆರೆಯಿತು. ನಮ್ಮಲ್ಲಿ ಅನೇಕರ ಅಜ್ಜಿಯಂದಿರು ಓದು ಕಲಿತದ್ದು ಹಾಗೆ.

ಆದರೆ ಸಂಬಳ ತೀರಿಸಿದ್ದು ಮೇಷ್ಟ್ರ ಬಾಕಿಯನ್ನು ಮಾತ್ರ. ಊರು ತನ್ನ ಮಕ್ಕಳಿಗೆ ಕಿವಿಗೊಡುವ ಕೆಲಸ ಅದರ ಜೊತೆಗೇ ಅಂಟಿಕೊಂಡಿತ್ತು, ಅದೂ ಸದ್ದಿಲ್ಲದೆ ಹೋಯಿತು. ಅದು ಹೋದದ್ದನ್ನು ಯಾವ ವರದಿಯೂ ಬರೆದುಕೊಳ್ಳಲಿಲ್ಲ. ನವರಾತ್ರಿ ಮಕ್ಕಳಿಗೆ ರಜೆಯಾಯಿತು, ರಜೆ ಮನೆಯ ಜವಾಬ್ದಾರಿಯಾಯಿತು, ಮನೆ ಚಿಕ್ಕದಾಗುತ್ತ ಇಬ್ಬರು ಅಪ್ಪ ಅಮ್ಮಂದಿರಿಗೆ ಬಂದು ನಿಂತಿತು.

ಹುಡುಗಿಯರ ಕಡೆಯಿಂದ ಒಂದು ಎಳೆ ಮಾತ್ರ ಉಳಿದುಕೊಂಡಿತು. ಹುಡುಗರು ಬೀದಿಯಲ್ಲಿದ್ದಾಗ ಹಳೆ ಮೈಸೂರಿನ ಮನೆಗಳಲ್ಲಿ ಹುಡುಗಿಯರದು ಬೊಂಬೆಯ ಹಬ್ಬ. ಪಟ್ಟದ ಬೊಂಬೆ, ಮೆಟ್ಟಿಲ ಮೇಲೆ ಸಾಲು ಬೊಂಬೆ, ಸಂಜೆ ಆರತಿ, ದಿನಕ್ಕೊಂದು ಚರುಪು. ಮೈಸೂರು, ಬೆಂಗಳೂರಿನ ಬೀದಿಗಳಲ್ಲಿ ಸಂಜೆಯಾದರೆ ಮಕ್ಕಳ ಗುಂಪು ಬಾಗಿಲಿಗೆ ಬಂದು “ಬೊಂಬೆ ಕೂರ್ಸಿದ್ದೀರಾ?” ಎನ್ನುತ್ತಿತ್ತು. ಒಳಗೆ ಕರೆದು ಒಂದು ಹಾಡು ಹೇಳಿಸದೆ ಚರುಪು ಕೊಡುತ್ತಿರಲಿಲ್ಲ. ಐಗಳಿಲ್ಲ, ದಕ್ಷಿಣೆಯಿಲ್ಲ, ಆದರೂ ಅದೇ ಹಳೆಯ ವ್ಯವಹಾರ: ನೀನು ಕಲಿತದ್ದನ್ನು ಕೇಳಿಸು, ನಾವು ಕೇಳುತ್ತೇವೆ. ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ದಿನ ಮಕ್ಕಳು ಬನ್ನಿ ಕೊಡಲು ಮನೆಮನೆಗೆ ಹೋಗುವುದರಲ್ಲೂ ಇದರ ನೆರಳಿದೆ. ಪುಣೆಯಲ್ಲಿರುವವರಿಗೆ ಇದು ಸೋನೆಂ ಎಂದು ಆಪ್ಟೆ ಎಲೆ ಕೊಡುವ ಪದ್ಧತಿಯಾಗಿ ಗೊತ್ತು.

ಈಗ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಅಕ್ಟೋಬರ್ ಕೊನೆಗೆ ಮಕ್ಕಳು ಹ್ಯಾಲೊವೀನ್ ವೇಷ ತೊಟ್ಟು ಚಾಕೊಲೇಟು ಕೇಳಿಕೊಂಡು ಬರುತ್ತಾರೆ. ಪರದೇಶದ ಆಚರಣೆ ನಮಗೇಕೆ ಎಂದು ಹಿರಿಯರು ಗೊಣಗುತ್ತಾರೆ. ಬಾಗಿಲು ತಟ್ಟುವ ಮಕ್ಕಳು ಪರದೇಶದವರಲ್ಲ. ನಾವು ಬಿಟ್ಟುಕೊಟ್ಟ ಜಾಗಕ್ಕೆ ಅವರು ಬೇರೆ ದಾರಿಯಿಂದ ಬಂದಿದ್ದಾರೆ, ಅಷ್ಟೇ. ವ್ಯತ್ಯಾಸವೇನೆಂದರೆ ಐಗಳ ಹುಡುಗರು ಬೇಡುತ್ತಿದ್ದದ್ದು ತಮ್ಮ ಮೇಷ್ಟ್ರಿಗಾಗಿ, ಬೇಡುವ ಮೊದಲು ಏನನ್ನೋ ಕೊಡುತ್ತಿದ್ದರು.

ಕೆಲವು ಯಕ್ಷಗಾನ ತಂಡಗಳು ಇತ್ತೀಚಿನ ವರ್ಷಗಳಲ್ಲಿ ನವರಾತ್ರಿಗೆ ಹೂವಿನಕೋಲನ್ನು ಮತ್ತೆ ಮನೆಗಳಿಗೆ ಒಯ್ಯುತ್ತಿವೆ, ಈಗ ಹುಡುಗಿಯರೂ ಜೊತೆಗಿದ್ದಾರೆ. ಅದನ್ನು ಹಾಗೆಯೇ ಮುಂಬಯಿಗೋ ದೆಹಲಿಗೋ ತರುವುದು ಎಲ್ಲರಿಗೂ ಆಗುವ ಮಾತಲ್ಲ, ಬೇಕಾಗಿಯೂ ಇಲ್ಲ. ನಾಲ್ಕು ಮನೆಗಳ ಬಾಗಿಲು ತೆರೆದಿದ್ದರೆ ಸಾಕು. ಈ ಮನೆಯ ಮಗು ಆ ಮನೆಗೆ ಹೋಗಿ ಒಂದು ಪದ್ಯ ಹೇಳಲಿ, ಆ ಮನೆಯವರು ಫೋನು ಕೆಳಗಿಟ್ಟು ಕೇಳಲಿ, ಕೈಗೆ ಒಂದು ಹಿಡಿ ಹುರಿಗಡಲೆ ಬೆಲ್ಲ ಹಾಕಿ ಕಳಿಸಲಿ. ಮಗುವಿಗೆ ಕನ್ನಡ ಕಲಿಸಿದವರು ಯಾರೆಂದು ಕೇಳಿ ಅವರಿಗೊಂದು ಫೋನು ಮಾಡಿದರಂತೂ ಐಗಳ ಹಳೆಯ ಬಾಕಿ ಸ್ವಲ್ಪ ತೀರಿದಂತೆ.