ಲೆಕ್ಕಕ್ಕೆ ಬಂದ ಓದು: ಪರದೇಶದ ಸೆಮಿಸ್ಟರಿನ ನೂರು ವರ್ಷ

ಓದಲೆಂದು ಪರದೇಶಕ್ಕೆ ಹೋಗುವ ರೂಢಿ ಬಹಳ ಹಳೆಯದು. ಏಳನೆಯ ಶತಮಾನದಲ್ಲಿ ಹ್ಯುಯೆನ್‌ತ್ಸಾಂಗ್ ಚೀನಾದಿಂದ ನಾಲಂದಾಕ್ಕೆ ಬಂದ. ಮಧ್ಯಯುಗದ ಬೊಲೋನ್ಯ, ಪ್ಯಾರಿಸ್‌ಗಳಲ್ಲಿ ಹೊರನಾಡಿನ ವಿದ್ಯಾರ್ಥಿಗಳು ತಮ್ಮ ತಮ್ಮ ನಾಡಿನ ಹೆಸರಿನಲ್ಲಿ ಸಂಘ ಕಟ್ಟಿಕೊಂಡಿದ್ದರು. ಆದರೆ ತನ್ನ ಕಾಲೇಜಿನ ಪದವಿಯ ನಡುವೆಯೇ ಒಂದು ಸೆಮಿಸ್ಟರನ್ನೋ ಒಂದು ವರ್ಷವನ್ನೋ ಬೇರೆ ದೇಶದಲ್ಲಿ ಓದಿ, ಮರಳಿ ಬಂದು, ಆ ಓದನ್ನು ಅದೇ ಪದವಿಯ ಖಾತೆಗೆ ಜಮೆ ಮಾಡಿಸಿಕೊಳ್ಳುವ ವ್ಯವಸ್ಥೆ ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಡಗು, ವಿಮಾನ, ವೀಸಾಗಳಿಗಿಂತ ಹೆಚ್ಚಾಗಿ ಈ 'ಜಮೆ'ಯ ಪ್ರಶ್ನೆಯೇ ಅದರ ಇತಿಹಾಸವನ್ನು ರೂಪಿಸಿದೆ.

ಮೊದಲ ಹೆಜ್ಜೆ ಇಟ್ಟದ್ದು ಅಮೆರಿಕದ ಪುಟ್ಟ ರಾಜ್ಯ ಡೆಲವೇರ್‌ನ ವಿಶ್ವವಿದ್ಯಾಲಯ. ಅಲ್ಲಿ ಫ್ರೆಂಚ್ ಕಲಿಸುತ್ತಿದ್ದ ರೇಮಂಡ್ ಕರ್ಕ್‌ಬ್ರೈಡ್ ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು. ಮೂರನೆಯ ವರ್ಷದ ವಿದ್ಯಾರ್ಥಿಗಳನ್ನು ಒಂದು ವರ್ಷ ಫ್ರಾನ್ಸಿಗೆ ಕಳುಹಿಸಿದರೆ ಭಾಷೆಯೂ ಬರುತ್ತದೆ, ದೇಶಗಳ ನಡುವಿನ ಅಪನಂಬಿಕೆಯೂ ಕರಗುತ್ತದೆ ಎಂಬುದು ಅವರ ವಾದ. ವಿಶ್ವವಿದ್ಯಾಲಯದ ಅಧ್ಯಕ್ಷ ವಾಲ್ಟರ್ ಹಲ್ಲಿಹೆನ್ ಬೆಂಬಲಕ್ಕೆ ನಿಂತರೂ ಸಂಸ್ಥೆಯ ಬೊಕ್ಕಸದಿಂದ ಹಣ ಹೊರಡಲಿಲ್ಲ. ಉದ್ಯಮಿ ಪಿಯರ್ ಡ್ಯುಪಾಂಟ್ ಮೊದಲಾದವರು ಕೈಯಿಂದ ಹಣ ಕೊಟ್ಟರು. ಆಗ ವಾಣಿಜ್ಯ ಕಾರ್ಯದರ್ಶಿಯಾಗಿದ್ದ ಹರ್ಬರ್ಟ್ ಹೂವರ್ ಕೂಡ ಯೋಜನೆಯನ್ನು ಮೆಚ್ಚಿದರು. ಹೊರದೇಶದ ಭಾಷೆ, ನಡೆನುಡಿ ತಿಳಿದ ತರುಣರು ವ್ಯಾಪಾರಕ್ಕೆ ಬೇಕು ಎಂಬ ಲೆಕ್ಕ ಅವರದು. 1923ರ ಜುಲೈನಲ್ಲಿ ಎಂಟು ವಿದ್ಯಾರ್ಥಿಗಳ ತಂಡ ನ್ಯೂಯಾರ್ಕಿನಿಂದ ಹಡಗು ಹತ್ತಿತು. ಮೊದಲು ನಾನ್ಸಿ ನಗರದಲ್ಲಿ ಭಾಷೆಯ ತಯಾರಿ, ಆಮೇಲೆ ಪ್ಯಾರಿಸ್‌ನ ಸೊರ್ಬಾನ್‌ನಲ್ಲಿ ಪಾಠ, ವಾಸಕ್ಕೆ ಫ್ರೆಂಚ್ ಕುಟುಂಬಗಳ ಮನೆ. ವರ್ಷದ ಕೊನೆಗೆ ಅಲ್ಲಿನ ಓದು ಡೆಲವೇರ್‌ನ ಪದವಿಗೆ ಸೇರಿತು. ಕರ್ಕ್‌ಬ್ರೈಡ್ 1929ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಡೆಲವೇರ್ 1948ರಲ್ಲಿ ಈ ಯೋಜನೆಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಬೇರೆ ಕಾಲೇಜುಗಳು ಅದೇ ಮಾದರಿ ಹಿಡಿದಾಗಿತ್ತು.

ಅವುಗಳಲ್ಲಿ ಮುಖ್ಯವಾದದ್ದು ಹೆಣ್ಣುಮಕ್ಕಳ ಸ್ಮಿತ್ ಕಾಲೇಜು. ಅದು 1925ರಲ್ಲಿ ಪ್ಯಾರಿಸ್ ವರ್ಷವನ್ನು ಆರಂಭಿಸಿತು. ಮನೆಯವರ ಕಣ್ಗಾವಲಿಲ್ಲದೆ ಹೆಣ್ಣುಮಕ್ಕಳು ಊರು ದಾಟುವುದೇ ಅಪರೂಪವಾಗಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ಈ ತಂಡದೊಂದಿಗೆ ಹೋದವರಲ್ಲಿ ವಾಸರ್ ಕಾಲೇಜಿನ ವಿದ್ಯಾರ್ಥಿನಿ ಜಾಕ್ವೆಲಿನ್ ಬೂವಿಯರ್ ಒಬ್ಬರು. ಮುಂದೆ ಜಗತ್ತಿಗೆ ಜಾಕ್ವೆಲಿನ್ ಕೆನೆಡಿ ಎಂದು ಪರಿಚಿತರಾದವರು ಇವರೇ. ಸಿರಿವಂತ ಮನೆಯ ಹುಡುಗಿ ಪ್ಯಾರಿಸ್‌ನಲ್ಲಿ ಉಳಿದದ್ದು ಕೌಂಟೆಸ್ ದ ರಾಂತಿ ಎಂಬ ವಿಧವೆಯ ಮನೆಯಲ್ಲಿ. ಆಕೆ ಮತ್ತು ಆಕೆಯ ಗಂಡ ನಾಜಿ ಆಕ್ರಮಣದ ವಿರುದ್ಧ ಗುಪ್ತವಾಗಿ ದುಡಿದು ಸೆರೆಸಿಕ್ಕವರು. ಗಂಡ ಜರ್ಮನ್ ಶಿಬಿರದಲ್ಲೇ ಸತ್ತರು, ಆಕೆ ಬದುಕಿ ಬಂದರು. ಯುದ್ಧ ಮುಗಿದರೂ ಕಲ್ಲಿದ್ದಲು, ಬಿಸಿನೀರು ಎಲ್ಲಕ್ಕೂ ಕೊರತೆ. ಸ್ವೆಟರ್, ಉಣ್ಣೆಯ ಕಾಲುಚೀಲ ತೊಟ್ಟುಕೊಂಡು ಆ ಥಂಡಿ ಮನೆಯಲ್ಲಿ ಪಾಠ ಬರೆಯಬೇಕಿತ್ತು. ಅಮೆರಿಕಕ್ಕೆ ಮರಳಿದ ಮೇಲೆ ಒಂದು ಪತ್ರಿಕೆಯ ಸ್ಪರ್ಧೆಗೆ ಬರೆದ ಲೇಖನದಲ್ಲಿ ಜಾಕ್ವೆಲಿನ್ ಆ ವರ್ಷವನ್ನು ನೆನೆದರು. ನನ್ನ ಬಾಳಿನಲ್ಲಿ ಅಷ್ಟು ಮೆಚ್ಚಿದ ವರ್ಷ ಬೇರೊಂದಿಲ್ಲ; ತಿಳಿಯಬೇಕೆಂಬ ಹಸಿವನ್ನು ಅಲ್ಲಿಯವರೆಗೂ ಮುಚ್ಚಿಟ್ಟುಕೊಂಡಿದ್ದೆ, ಅದಕ್ಕೆ ನಾಚಬೇಕಿಲ್ಲ ಎಂಬುದನ್ನು ಅಲ್ಲಿ ಕಲಿತೆ ಎಂಬುದು ಆ ಬರಹದ ಸಾರ. ಪರದೇಶದಲ್ಲಿ ಓದಿ ಬಂದವರ ಅಸಂಖ್ಯ ನೆನಪುಗಳಲ್ಲಿ ಇಷ್ಟು ನೇರವಾದ ಮಾತು ಸಿಗುವುದು ವಿರಳ.

ಎಲ್ಲರ ನೆನಪೂ ಇಂಥದ್ದಲ್ಲ. 1963ರ ಸೆಪ್ಟೆಂಬರಿನಲ್ಲಿ ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಏಂಜೆಲಾ ಡೇವಿಸ್ ಹ್ಯಾಮಿಲ್ಟನ್ ಕಾಲೇಜಿನ ತಂಡದೊಂದಿಗೆ ಫ್ರಾನ್ಸಿನ ಬಿಯಾರಿಟ್ಸ್‌ಗೆ ಬಂದಿದ್ದರು. ಅಲ್ಲಿ ಪತ್ರಿಕೆ ತೆರೆದಾಗ ಕಂಡದ್ದು ತಮ್ಮ ಹುಟ್ಟೂರಾದ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಕಪ್ಪು ಹುಡುಗಿಯರು ಸತ್ತ ಸುದ್ದಿ. ಸತ್ತ ಹುಡುಗಿಯರ ಹೆಸರುಗಳು ಅವರಿಗೆ ಪರಿಚಿತವಾಗಿದ್ದವು. ಜೊತೆಗಿದ್ದ ಬಿಳಿಯ ಸಹಪಾಠಿಗಳಿಗೆ ಅದು ದೂರದ ಒಂದು ದುರ್ಘಟನೆ, ಡೇವಿಸ್‌ಗೆ ಮನೆಯ ಸಾವು. ಆ ಅಂತರವನ್ನು ಡೇವಿಸ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹೊರದೇಶದ ವಾಸ ತನ್ನ ದೇಶವನ್ನು ಹೊರಗಿನಿಂದ ತೋರಿಸುತ್ತದೆ ಎಂದು ಹೇಳುವುದು ಸುಲಭ. ಆ ನೋಟ ಎಷ್ಟು ನೋವಿನದಾಗಬಹುದು ಎಂಬುದಕ್ಕೆ ಈ ಪ್ರಸಂಗಕ್ಕಿಂತ ಬೇರೆ ಸಾಕ್ಷಿ ಬೇಡ.

ವಿದ್ಯಾರ್ಥಿಗಳು ಮರಳಿ ಹೇಳುವ ಮಾತು ಈ ಹೊತ್ತಿಗೆ ಸಂಶೋಧನೆಯ ವಸ್ತುವೂ ಆಗಿತ್ತು. 1955ರಲ್ಲಿ ನಾರ್ವೆಯ ಸಮಾಜವಿಜ್ಞಾನಿ ಸ್ವೆರ್ರೆ ಲೂಸ್‌ಗಾರ್ಡ್, ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿಬಂದ ಇನ್ನೂರು ನಾರ್ವೇಜಿಯನ್ನರ ಅನುಭವದ ಅಧ್ಯಯನವನ್ನು ಪ್ರಕಟಿಸಿದರು. ಆರು ತಿಂಗಳೊಳಗೆ ಮರಳಿದವರು ಮತ್ತು ಒಂದೂವರೆ ವರ್ಷಕ್ಕಿಂತ ಹೆಚ್ಚು ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನ ಅವಧಿಯವರೇ ಹೆಚ್ಚು ಒದ್ದಾಡಿದವರು. ಮೊದಲ ಹುಮ್ಮಸ್ಸು ಇಳಿದು, ಇನ್ನೂ ಬೇರು ಬಿಡದ ಕಾಲ ಅದು. ಸಂಶೋಧಕರಾದ ಗಲ್ಲಹಾರ್ನ್ ದಂಪತಿ 1963ರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ಊರಿಗೆ ಮರಳಿದ ಮೇಲೂ ಮನಸ್ಸು ಮತ್ತೊಮ್ಮೆ ಇಳಿದು, ಮತ್ತೆ ಏರುತ್ತದೆ. ಇಂಥ ನಕ್ಷೆಗಳು ಎಲ್ಲರಿಗೂ ಹೊಂದುವುದಿಲ್ಲ ಎಂದು ನಂತರದ ಸಂಶೋಧಕರು ಆಕ್ಷೇಪಿಸಿದ್ದಾರೆ, ಅದು ನ್ಯಾಯವೂ ಹೌದು. ಆದರೂ ಲೂಸ್‌ಗಾರ್ಡ್ ಅವರ ಲೆಕ್ಕದಲ್ಲಿ ಒಂದು ಸೆಮಿಸ್ಟರ್ ಎಂದರೆ ಹುಮ್ಮಸ್ಸು ಇಳಿಯುವ ಮುನ್ನವೇ ಮುಗಿದುಹೋಗುವ ವಾಸ. ಅಷ್ಟರಲ್ಲೇ ಮರಳಿದವರ ಬರಹಗಳಲ್ಲಿ ಸಂಭ್ರಮವೇ ತುಂಬಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಯೂರೋಪಿನಲ್ಲಿ ಕಥೆ ಬೇರೆಯೇ ಹಾದಿ ಹಿಡಿಯಿತು, ಅದರ ಬೀಜ ಒಂದು ಅವಮಾನ. ರೋಮ್‌ನ ಕಾನೂನು ವಿದ್ಯಾರ್ಥಿನಿ ಸೋಫಿಯಾ ಕೊರಾಡಿ ಫುಲ್‌ಬ್ರೈಟ್ ನೆರವಿನಿಂದ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋಗಿ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ಮರಳಿದರು. ಅಲ್ಲಿ ಪಾಸಾದ ಪರೀಕ್ಷೆಗಳನ್ನು ತಮ್ಮ ಇಟಲಿಯ ಪದವಿಗೆ ಪರಿಗಣಿಸಿ ಎಂದು ಕೇಳಲು ವಿಶ್ವವಿದ್ಯಾಲಯದ ಕಚೇರಿಗೆ ಹೋದಾಗ, ಅಮೆರಿಕದಲ್ಲಿ ಮೋಜು ಮಾಡಿ ಬಂದವರಂತೆ ಎಲ್ಲರೆದುರು ಬೈಸಿಕೊಂಡರು. ಕೊಲಂಬಿಯದ ಪದವಿಗೆ ಅಲ್ಲಿ ಮೂರು ಕಾಸಿನ ಬೆಲೆ ಬರಲಿಲ್ಲ. ಕೊರಾಡಿ ಸುಮ್ಮನಾಗಲಿಲ್ಲ. 1969ರಲ್ಲಿ, ಹೊರದೇಶದಲ್ಲಿ ಮಾಡಿದ ಓದಿಗೆ ಮಾನ್ಯತೆ ಕೊಡಬೇಕೆಂಬ ಟಿಪ್ಪಣಿ ಸಿದ್ಧಪಡಿಸಿ, ಇಟಲಿಯ ಕುಲಪತಿಗಳ ಬಳಗದ ಮೂಲಕ ಯೂರೋಪಿನುದ್ದಕ್ಕೂ ಅದನ್ನು ಓಡಾಡಿಸಿದರು. 1976ರಲ್ಲಿ ಯೂರೋಪಿಯನ್ ಸಮುದಾಯ ವಿಶ್ವವಿದ್ಯಾಲಯಗಳ ನಡುವೆ ಜಂಟಿ ಅಧ್ಯಯನಕ್ಕೆ ಸಣ್ಣ ಪ್ರಮಾಣದಲ್ಲಿ ನೆರವು ಕೊಡಲಾರಂಭಿಸಿತು. 1987ರ ಜೂನ್‌ನಲ್ಲಿ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಓದಿ, ಟ್ಯೂರಿನ್‌ನಲ್ಲಿ ಪದವಿ ಪಡೆದ ವಿದ್ವಾಂಸನ ಹೆಸರು ಅದಕ್ಕೆ ಒಪ್ಪುವಂಥದ್ದೇ. ಮೊದಲ ವರ್ಷ 11 ದೇಶಗಳಿಂದ 3,244 ವಿದ್ಯಾರ್ಥಿಗಳು ಹೋದರು.

ಎರಾಸ್ಮಸ್‌ನ ನಿಜವಾದ ಸಾಧನೆ ಕಾಗದಪತ್ರದಲ್ಲಿದೆ. ಹೊರಡುವ ಮುನ್ನವೇ ವಿದ್ಯಾರ್ಥಿ ಅಲ್ಲಿ ಯಾವ ವಿಷಯ ಓದುತ್ತಾನೆ, ಅದಕ್ಕೆ ಇಲ್ಲಿ ಯಾವ ವಿಷಯ ಬಿಟ್ಟುಕೊಡಲಾಗುತ್ತದೆ ಎಂದು ಬರೆದ ಒಪ್ಪಂದಪತ್ರಕ್ಕೆ ವಿದ್ಯಾರ್ಥಿ, ಕಳಿಸುವ ವಿಶ್ವವಿದ್ಯಾಲಯ, ಬರಮಾಡಿಕೊಳ್ಳುವ ವಿಶ್ವವಿದ್ಯಾಲಯ ಮೂವರೂ ಸಹಿ ಹಾಕುತ್ತಾರೆ. ಹೋದ ಕಡೆ ಬೋಧನಾ ಶುಲ್ಕವಿಲ್ಲ. 1989ರಿಂದ ಪ್ರಯೋಗಕ್ಕೆ ಬಂದ ಕ್ರೆಡಿಟ್ ಪದ್ಧತಿಯಲ್ಲಿ ವರ್ಷಕ್ಕೆ 60, ಸೆಮಿಸ್ಟರಿಗೆ 30 ಕ್ರೆಡಿಟ್. ಹೀಗೆ ಲಿಸ್ಬನ್‌ನ ಓದನ್ನು ವಾರ್ಸಾದಲ್ಲಿ ಎಣಿಸುವುದು ಸಾಧ್ಯವಾಯಿತು. ಕೊರಾಡಿ ಎದುರಿಸಿದ ಆ ಕಚೇರಿಯ ಮೇಜಿಗೆ ಕೊಟ್ಟ ಉತ್ತರ ಇದು. ಮೊದಲ ದಿನದಿಂದ ಇಂದಿನವರೆಗೆ ಒಂದೂವರೆ ಕೋಟಿಗೂ ಹೆಚ್ಚು ಜನ ಈ ಯೋಜನೆಯ ವಿವಿಧ ರೂಪಗಳಲ್ಲಿ ಪಾಲ್ಗೊಂಡಿದ್ದಾರೆ. ಸಿಗುವ ಧನಸಹಾಯ ಬಾಡಿಗೆ, ಊಟಕ್ಕೆ ಸಾಲದಿರುವುದರಿಂದ ಉಳ್ಳವರ ಮಕ್ಕಳೇ ಹೆಚ್ಚಾಗಿ ಹೋಗುತ್ತಾರೆ ಎಂಬ ದೂರು ಮೊದಲಿನಿಂದಲೂ ಇದೆ, ಇನ್ನೂ ಪೂರ್ತಿ ನಿವಾರಣೆಯಾಗಿಲ್ಲ.

ಕನ್ನಡಿಗರ ಮಟ್ಟಿಗೆ ಪರದೇಶದ ಓದು ಎಂದರೆ ಬಹುಕಾಲ ಪೂರ್ತಿ ಪದವಿಯ ಓದೇ ಆಗಿತ್ತು. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ, ಪಿಎಚ್.ಡಿ. ಮಾಡುತ್ತಲೇ 'ಸಂಸ್ಕಾರ' ಕಾದಂಬರಿ ಬರೆದರು. ಕನ್ನಡದ ಒಂದು ಅಗ್ರಹಾರ ಅಷ್ಟು ನಿಚ್ಚಳವಾಗಿ ಮೂಡಿದ್ದು ಅಷ್ಟು ದೂರ ಕುಳಿತಾಗ ಎಂಬುದನ್ನು ಮರೆಯುವಂತಿಲ್ಲ. ಎದುರು ದಿಕ್ಕಿನ ಹರಿವೂ ಇದೆ: ಅಮೆರಿಕದ ವಿದ್ಯಾರ್ಥಿಗಳಿಗೆ ಭಾರತೀಯ ಭಾಷೆ ಕಲಿಸುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಕನ್ನಡದ ತರಗತಿಗಳನ್ನು ನಡೆಸುವುದು ಮೈಸೂರಿನಲ್ಲಿ.

ಪದವಿಯ ನಡುವಿನ ಸೆಮಿಸ್ಟರ್ ಭಾರತದ ಕಾನೂನಿನಲ್ಲಿ ಗಟ್ಟಿಯಾಗಿ ನೆಲೆಗೊಂಡದ್ದು ತೀರ ಈಚೆಗೆ. 2021ರಲ್ಲಿ ಕ್ರೆಡಿಟ್‌ಗಳನ್ನು ಕೂಡಿಡುವ ರಾಷ್ಟ್ರೀಯ ವ್ಯವಸ್ಥೆ ಬಂತು. 2022ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೊರಡಿಸಿದ ನಿಯಮಗಳು ಭಾರತೀಯ ಮತ್ತು ವಿದೇಶಿ ಸಂಸ್ಥೆಗಳ ನಡುವೆ ಟ್ವಿನಿಂಗ್, ಜಂಟಿ ಮತ್ತು ಉಭಯ ಪದವಿಗಳಿಗೆ ದಾರಿ ಮಾಡಿಕೊಟ್ಟವು. ಟ್ವಿನಿಂಗ್ ಪದ್ಧತಿಯಲ್ಲಿ ಒಟ್ಟು ಕ್ರೆಡಿಟ್‌ನಲ್ಲಿ ಶೇ. 30ರವರೆಗೆ ವಿದೇಶಿ ಸಂಸ್ಥೆಯಲ್ಲಿ ಗಳಿಸಬಹುದು; ಪದವಿ ಕೊಡುವುದು ಭಾರತೀಯ ಸಂಸ್ಥೆಯೇ. ನಾಲ್ಕು ವರ್ಷದ ಪದವಿಯಲ್ಲಿ ಇದು ಹೆಚ್ಚುಕಡಿಮೆ ಎರಡು ಸೆಮಿಸ್ಟರಿನ ಓದು.